ರ ಗ ಸ ದ ಅ: ಒಂದನೆಯ ತರಗತಿಯ ಅಕ್ಷರಕ್ರಮವನ್ನು ಕುರಿತು

ಕಳೆದ ವರ್ಷ ನಮ್ಮ ಪೀಠದ ವಾರಾಂತ್ಯದ ಕನ್ನಡ ತರಗತಿಗೆ ಮಗಳನ್ನು ಸೇರಿಸಲು ಬಂದ ತಂದೆಯೊಬ್ಬರು, ಊರಿನಿಂದ ತರಿಸಿಕೊಂಡಿದ್ದ ಒಂದನೆಯ ತರಗತಿಯ ಕನ್ನಡ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಸರ್, ಇದರಲ್ಲಿ ಅ ಆ ಇ ಈ ಎಲ್ಲಿದೆ? ಮೊದಲಿಗೇ ರ ಗ ಸ ದ ಅಂತ ಶುರುವಾಗಿದೆ. ಪುಟಗಳೇನಾದರೂ ಹಿಂದುಮುಂದಾಗಿವೆಯೇ?" ಎಂದು ಕೇಳಿದರು. ಪುಟಗಳು ಹಿಂದುಮುಂದಾಗಿರಲಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಮಕ್ಕಳು ಕನ್ನಡದ ಲಿಪಿಯನ್ನು ಪ್ರವೇಶಿಸುತ್ತಿರುವುದು ಈ ಬಾಗಿಲಿನಿಂದಲೇ. ಮೊದಲು ರ, ಗ, ಸ, ದ, ಅ. ಅನಂತರ ಜ, ವ, ಮ, ಬ, ನ. ಅವರಿಗೆ ನಾನು ಹೇಳಬಹುದಾದ ಉತ್ತರ ಇಷ್ಟೆ. ಆದರೆ ಅವರು ಹೋದ ಮೇಲೆ ಪುಸ್ತಕವನ್ನು ತಿರುವುತ್ತ ಕುಳಿತಾಗ, ಅವರ ಮುಖದಲ್ಲಿ ಕಂಡ ಗಲಿಬಿಲಿಯೇ ನನ್ನಲ್ಲಿಯೂ ಇದೆಯೆಂಬುದು ಗೊತ್ತಾಯಿತು. ಮೂವತ್ತು ವರ್ಷ ಹಳಗನ್ನಡವನ್ನೂ ನಡುಗನ್ನಡವನ್ನೂ ಪಾಠ ಮಾಡಿದವನಿಗೆ ವರ್ಣಮಾಲೆಯ ಕ್ರಮ ಮುರಿದುದನ್ನು ಕಂಡರೆ ಮನೆಯ ತೊಲೆಯನ್ನೇ ಕಿತ್ತಂತಾಗುವುದು ಸಹಜ. ಆ ಅಸಮಾಧಾನಕ್ಕೆ ಶಾಸ್ತ್ರದ ಆಧಾರವಿದೆಯೇ, ಅಥವಾ ಅದು ಕೇವಲ ರೂಢಿಯ ಮೋಹವೇ ಎಂಬುದನ್ನು ಪರಿಶೀಲಿಸುವ ಉದ್ದೇಶದಿಂದ ಈ ಲೇಖನವನ್ನು ಆರಂಭಿಸಿದೆ. ಬರೆಯುತ್ತ ಹೋದಂತೆ ಪ್ರಶ್ನೆಯೇ ಬೇರೆಯಾಯಿತು.

ವರ್ಣಮಾಲೆಯ ಹಿರಿಮೆಯನ್ನು ಅಲ್ಲಗಳೆಯಬೇಕಾಗಿಲ್ಲ. ಕಂಠ, ತಾಲು, ಮೂರ್ಧ, ದಂತ, ಓಷ್ಠ ಎಂದು ಉಸಿರು ಗಂಟಲಿನಿಂದ ತುಟಿಯತ್ತ ಸಾಗುವ ದಾರಿಯನ್ನೇ ಅನುಸರಿಸಿ ವರ್ಗಗಳನ್ನು ಜೋಡಿಸಿದ ಪ್ರಾಚೀನ ಶಿಕ್ಷಾಕಾರರ ವಿವೇಕಕ್ಕೆ ಸಾಟಿಯಾದುದು ಜಗತ್ತಿನ ಲಿಪಿಗಳಲ್ಲಿ ಅಪರೂಪ. ಆದರೆ ಇದು ಧ್ವನಿಯನ್ನು ಕುರಿತು ಯೋಚಿಸಿದವರು ಕಂಡುಕೊಂಡ ಕ್ರಮವೇ ಹೊರತು ಬರೆಯಲು ಕಲಿಯುವವರಿಗಾಗಿ ಹುಟ್ಟಿದ ಕ್ರಮವಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ನಮ್ಮ ವೈಯಾಕರಣರೇ ಈ ಕ್ರಮವನ್ನು ಮುಟ್ಟಬಾರದ ವಸ್ತುವೆಂದು ಬಗೆದಿರಲಿಲ್ಲ. ಪಾಣಿನಿ ತನ್ನ ವ್ಯಾಕರಣದ ಆರಂಭದಲ್ಲಿ ಅಂಗೀಕರಿಸಿದ ಹದಿನಾಲ್ಕು ಸೂತ್ರಗಳಲ್ಲಿ ವರ್ಣಗಳು ಸ್ಥಾನಕ್ರಮವನ್ನು ಬಿಟ್ಟು ಬೇರೊಂದೇ ಸಾಲಿನಲ್ಲಿ ನಿಲ್ಲುತ್ತವೆ. ಹಕಾರವಂತೂ ಎರಡು ಸಲ ಬರುತ್ತದೆ. ಪ್ರತ್ಯಾಹಾರಗಳನ್ನು ರಚಿಸುವ ಪ್ರಯೋಜನಕ್ಕೆ ತಕ್ಕಂತೆ ಅಲ್ಲಿ ಕ್ರಮ ಬದಲಾಗಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತದ ಅಕ್ಷರರಾಶಿಯಿಂದ ಕನ್ನಡಕ್ಕೆ ಒಗ್ಗದವನ್ನು ತೆಗೆದು, ದೇಶೀಯವಾದವನ್ನು ಸೇರಿಸಿ, ಶುದ್ಧಗೆಯನ್ನು 47 ಅಕ್ಷರಗಳಿಗೆ ನಿಲ್ಲಿಸಿದನು. ಅವನು ಸೇರಿಸಿದ ಱ, ೞ ಎರಡನ್ನೂ ನಾವು ಕಳೆದುಕೊಂಡೆವು. ಅವನು ಹೊರಗಿಟ್ಟ ಶ, ಷಗಳನ್ನು ಮತ್ತೆ ಒಳಗೆ ಕರೆದುಕೊಂಡೆವು. ಅಕ್ಷರಮಾಲೆಯೆಂಬುದು ನಾವು ತಿಳಿದುಕೊಂಡಿರುವಷ್ಟು ಅಕ್ಷರವೇನೂ ಅಲ್ಲ.

ಹಾಗಾದರೆ ಎಳೆಯರಿಗೆ ಅಕ್ಷರ ಕಲಿಸಿದ ನಮ್ಮ ಪರಂಪರೆ ಯಾವುದು? ಮಧ್ಯಕಾಲದ ಶಾಸನಗಳಲ್ಲಿ ಬಾಲಶಿಕ್ಷೆಗೆಂದು ಬಿಟ್ಟ ದತ್ತಿಗಳ ಪ್ರಸ್ತಾಪ ದೊರೆಯುತ್ತದೆ. ತರಗತಿಯೊಳಗೆ ನಡೆದುದೇನು ಎಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ಹೇಳುವುದು ಭಾಷೆ. 'ಓನಾಮ' ಎಂಬ ಮಾತು ಕನ್ನಡದಲ್ಲಿ ಯಾವುದೇ ಕೆಲಸದ ಆರಂಭಕ್ಕೆ ಸಂಕೇತವಾಗಿ ಉಳಿದಿದೆ. ತೆಲುಗರು ಇಂದಿಗೂ ವರ್ಣಮಾಲೆಯನ್ನೇ 'ಓನಮಾಲು' ಎನ್ನುತ್ತಾರೆ. ವಿದ್ಯಾರಂಭದ ನಮಸ್ಕಾರವಾಕ್ಯವೊಂದು ಸವೆದು ಉಳಿದ ರೂಪವಿದು. ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳಾಡಿಸುತ್ತ ಕಲಿತವರ ಪರಿಭಾಷೆ ಇನ್ನೂ ಸ್ವಾರಸ್ಯವಾದುದು. ತಲಕಟ್ಟು, ಇಳಿ, ಗುಡಿಸು, ಕೊಂಬು, ಸೊನ್ನೆ, ವಟ್ರುಸುಳಿ, ಅರ್ಕಾವೊತ್ತು. ಇವುಗಳಲ್ಲಿ ಮೊದಲ ಆರೂ ಧ್ವನಿಯ ಹೆಸರುಗಳಲ್ಲ, ಆಕಾರದ ಹೆಸರುಗಳು. ಶಾಸ್ತ್ರಜ್ಞರು ಇಕಾರ, ಉಕಾರ ಎಂದಲ್ಲಿ ಮಠದಯ್ಯನು ಗುಡಿಸು, ಕೊಂಬು ಎಂದನು. 'ಅಕ್ಷರ ತಿದ್ದಿಸುವುದು' ಎಂಬ ಪ್ರಯೋಗದಲ್ಲಿಯೂ ಕೈಯೇ ಪ್ರಧಾನ: ಗುರು ಬರೆದ ರೇಖೆಯ ಮೇಲೆ ಮಗು ಮತ್ತೆ ಮತ್ತೆ ಬಳಪವನ್ನೆಳೆಯಬೇಕು. ಆಕಾರದಿಂದ ಅಕ್ಷರಕ್ಕೆ ಹೋಗುವ ದಾರಿ ಹೊಸದಲ್ಲವೆಂಬುದಕ್ಕೆ ಇಷ್ಟು ಸಾಕು. ಆದರೂ ಆ ಮಠಗಳಲ್ಲಿ ಮಗು ಮೊದಲ ಪದವನ್ನು ಓದುವುದಕ್ಕೆ ಮುಂಚೆ ಐವತ್ತರ ಸಮೀಪದ ಅಕ್ಷರಗಳನ್ನು ಬಾಯಿಪಾಠ ಮಾಡಬೇಕಾಗಿತ್ತು. ಪದದ ಮೊದಲಿಗೆ ಬಾರದ ಙ, ಞಗಳೂ ಅವುಗಳಲ್ಲಿ ಸೇರಿದ್ದವು. 34 ವ್ಯಂಜನಗಳಿಗೆ ಗುಣಿತಗಳನ್ನು ಹಚ್ಚಿದರೆ ರೂಪಗಳು ನಾನೂರನ್ನು ಮೀರುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಮೊದಲ ವರ್ಷವೆಲ್ಲ ಅರ್ಥವಿಲ್ಲದ ಸದ್ದಿನಲ್ಲಿ ಕಳೆಯುತ್ತಿತ್ತೆಂದರೆ ತಪ್ಪಾಗಲಾರದು.

ಈ ಸ್ಥಿತಿಯನ್ನು ಬದಲಿಸಿದ ಪ್ರಯತ್ನಗಳಲ್ಲಿ ನಲಿ-ಕಲಿಗೆ ವಿಶೇಷ ಸ್ಥಾನವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಇದು ಆರಂಭವಾಯಿತು. ಮದನಪಲ್ಲಿಯ ಸಮೀಪದ ಋಷಿ ವ್ಯಾಲಿಯಲ್ಲಿ ಗ್ರಾಮೀಣ ಶಾಲೆಗಳಿಗಾಗಿ ರೂಪಿಸಿದ್ದ ಕಾರ್ಡುಗಳ ಪದ್ಧತಿಯನ್ನು ಕೆಲವು ಶಿಕ್ಷಕರು ಹೋಗಿ ನೋಡಿ ಬಂದು, ಅದನ್ನು ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡರು. ಪಠ್ಯವನ್ನು ಬರೆದವರು ತರಗತಿಯಲ್ಲಿ ನಿಂತವರೇ ಆಗಿದ್ದುದು ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಅಪರೂಪದ ಘಟನೆ. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಇದು ವಿಸ್ತರಿಸಿತು.

ಕೆಲವು ವರ್ಷಗಳ ಹಿಂದೆ ನನ್ನ ಸೋದರಿಯ ಊರಿನ ಸರ್ಕಾರಿ ಶಾಲೆಯಲ್ಲಿ ಅಂಥ ತರಗತಿಯೊಂದರಲ್ಲಿ ಅರ್ಧ ದಿನ ಕುಳಿತಿದ್ದೆ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಐದು ಗುಂಪುಗಳಾಗಿ ಕುಳಿತಿದ್ದರು. ಈ ಗುಂಪುಗಳನ್ನು 'ತಟ್ಟೆ' ಎನ್ನುತ್ತಾರೆ. ಸಂಪೂರ್ಣವಾಗಿ ಶಿಕ್ಷಕರ ಸಹಾಯ ಬೇಕಾದವರದು ಮೊದಲ ತಟ್ಟೆ, ತಾವೇ ಕಲಿಯಬಲ್ಲವರದು ಕೊನೆಯದು. ನಡುವಿನವರಿಗೆ ಭಾಗಶಃ ಶಿಕ್ಷಕರ ಅಥವಾ ಗೆಳೆಯರ ನೆರವು. ಗೋಡೆಯ ಮೇಲೆ ಕಲಿಕೆಯ ಏಣಿ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಆ ಗುರುತಿನ ಕಾರ್ಡು. ಮಗು ಬಂದು ತನ್ನ ಹಾಜರಿಯನ್ನು ತಾನೇ ಹಾಕಿ, ಏಣಿಯಲ್ಲಿ ನಿನ್ನೆ ತಾನಿದ್ದ ಮೆಟ್ಟಿಲನ್ನು ಹುಡುಕಿ, ಮುಂದಿನ ಕಾರ್ಡನ್ನು ಎತ್ತಿಕೊಂಡು ತನ್ನ ತಟ್ಟೆಗೆ ಹೋಗುತ್ತದೆ. ಗೋಡೆಯ ಕೆಳಭಾಗಕ್ಕೆ ಮಕ್ಕಳ ಕೈಗೆಟುಕುವಂತೆ ಕಪ್ಪು ಬಣ್ಣ ಬಳಿದು, ಒಬ್ಬೊಬ್ಬರಿಗೂ ಒಂದೊಂದು ಜಾಗ ಗುರುತಿಸಿದ್ದಾರೆ. ತಲೆಯ ಮೇಲೆ ದಾರದ ಚಪ್ಪರ. ಅದಕ್ಕೆ ಮಕ್ಕಳು ಮಾಡಿದ ಚಿತ್ರಗಳು ತೂಗುತ್ತಿರುತ್ತವೆ. ವಾರವೆಲ್ಲ ಜ್ವರ ಬಂದು ಮಲಗಿದ್ದ ಮಗು ತಿರುಗಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಕೂಲಿಯ ಕಾಲಕ್ಕೆ ತಂದೆತಾಯಿಗಳೊಂದಿಗೆ ಊರು ಬಿಟ್ಟು ಹೋಗಿ ಬರುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ದೋಷಗಳೂ ಕಾಣದೆ ಇರಲಿಲ್ಲ. ಗುಂಪುಗಳ ನಡುವೆ ಶಿಕ್ಷಕಿ ಒಬ್ಬರೇ ಓಡಾಡಿ ದಣಿಯುತ್ತಿದ್ದರು. ಚುರುಕಾದ ಹುಡುಗರು ಕಾರ್ಡನ್ನು ಓದುವುದಕ್ಕಿಂತ ಮುಗಿಸುವುದರಲ್ಲಿ ಆಸಕ್ತರಾಗಿದ್ದರು. ಏಣಿ ಕಂಡಲ್ಲಿ ಹತ್ತುವ ಪೈಪೋಟಿ ತಪ್ಪದು. ಇವು ವ್ಯವಸ್ಥೆಯ ಮಾತುಗಳು, ಬಲ್ಲವರು ಬರೆದಿದ್ದಾರೆ. ನನ್ನ ಆಸಕ್ತಿ ಕಾರ್ಡಿನ ಮೇಲಿರುವ ಭಾಷೆಯದು.

ಬರೆಯಲು ಸುಲಭವಾಗಿರಬೇಕು, ಬಳಕೆಯಲ್ಲಿ ಹೆಚ್ಚಾಗಿರಬೇಕು, ಕೂಡಲೇ ಪದವಾಗುವಂತಿರಬೇಕು. ರ ಗ ಸ ದ ಅ ಎಂಬ ಆಯ್ಕೆಯ ಹಿಂದಿರುವ ವಿಚಾರ ಇದು. ಈ ಐದೇ ಅಕ್ಷರಗಳಿಂದ ಏನೇನಾಗುತ್ತದೆಂದು ಕಾಗದದ ಮೇಲೆ ಬರೆದುಕೊಂಡು ನೋಡಿದೆ. ಸರ, ದರ, ರಸ, ಅರಸ, ಅಗಸ, ಗರಗಸ. ಗದಗವೆಂಬ ಒಂದು ಊರೇ ಇದರಲ್ಲಿದೆ. ಮುಂದಿನ ಐದು ಸೇರಿದರೆ ಮರ, ದನ, ಜನ, ಬನ, ಮಗ, ಬರ, ದವಸ, ನಗರ, ಅವಸರ, ಗಮನ. ಮತ್ತು ಬಸವ! ಬಸವನ ವಚನವನ್ನು ಬರೆಯಲು ಚಕಾರಕ್ಕಾಗಿ ಮೂರನೆಯ ಗುಂಪಿನವರೆಗೆ ಕಾಯಬೇಕು. ಆದರೆ ಬಸವನನ್ನು ಹತ್ತು ಅಕ್ಷರ ಬಲ್ಲ ಮಗು ಬರೆಯಬಲ್ಲುದು. ವರ್ಣಮಾಲೆಯ ಮೊದಲ ಹತ್ತು ಅಕ್ಷರಗಳನ್ನು, ಎಂದರೆ ಅ ಆ ಇ ಈ ಮೊದಲಾದ ಬರಿಯ ಸ್ವರಗಳನ್ನು, ಕಲಿತ ಮಗುವಿಗೆ ಇಂಥ ಸಂಪತ್ತು ಎಲ್ಲಿಂದ ಬರಬೇಕು? ಆಕಾರದ ದೃಷ್ಟಿಯಿಂದಲೂ ಆಯ್ಕೆ ಒಳ್ಳೆಯದೇ. ವಕಾರಕ್ಕೆ ಪಕ್ಕದಲ್ಲೊಂದು ಬಾಗು ಸೇರಿದರೆ ಮಕಾರ. ಮುಂದೆ ಪ, ಷಗಳೂ ಅದೇ ಮನೆತನದವು. ತಂದೆಯೊಬ್ಬರ ಪ್ರಶ್ನೆಯಿಂದ ಕಲಕಿದ್ದ ನನ್ನ ಮನಸ್ಸು ಇಲ್ಲಿಗೆ ತಿಳಿಯಾಯಿತು.

ಆದರೆ ಈ ಹತ್ತು ಅಕ್ಷರಗಳ ಲೋಕ ಎಂಥದು ಎಂಬ ಬೇರೊಂದು ಪ್ರಶ್ನೆ ಎದ್ದಿತು. ಕನ್ನಡದಲ್ಲಿ ಷಷ್ಠಿಯ ಪ್ರತ್ಯಯ ಅಕಾರವಾಗಿರುವುದರಿಂದ ಒಡೆತನದ ಸಂಬಂಧವನ್ನು ಹೇಳಲು ಗುಣಿತಾಕ್ಷರದ ಹಂಗಿಲ್ಲ: ಅರಸನ ಮಗ, ಬಸವನ ದನ, ನಗರದ ಜನ, ಮರದ ಗರಗಸ. ನಾಮವಾಕ್ಯವೂ ಸಾಧ್ಯ: ಅವನ ಮಗ ಬಸವ. ಇಲ್ಲಿಗೆ ಮುಗಿಯಿತು. ಶಿಷ್ಟಕನ್ನಡದ ಸಮಾಪಕ ಕ್ರಿಯಾಪದ ಇಕಾರವನ್ನೋ ಉಕಾರವನ್ನೋ ಎಕಾರವನ್ನೋ ಒತ್ತಕ್ಷರವನ್ನೋ ಬೇಡುತ್ತದೆ. ಇದೆ, ಬಂದನು, ಹೋದಳು, ಬರುತ್ತಾನೆ, ಇಲ್ಲ. ಇವುಗಳಲ್ಲಿ ಯಾವುದೂ ಈ ಮಗುವಿನ ಕೈಗೆ ಸಿಗುವುದಿಲ್ಲ. ಈ ಲೋಕದಲ್ಲಿ ಜನ ಇದ್ದಾರೆ, ದನ ಇವೆ, ಯಾವುದು ಯಾರದೆಂಬುದೂ ತೀರ್ಮಾನವಾಗಿದೆ. ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲಿಂದಲೂ ಬರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಆಸ್ತಿಯ ದಫ್ತರವನ್ನು ಓದಿದ ಅನುಭವ. ಇದರೊಳಗೆ ಚಲನೆಯನ್ನು ತರಬಲ್ಲುದು ಅನುಕರಣ ಶಬ್ದವೊಂದೇ: ಗರಗಸ ಗರಗರ, ಅಗಸ ಸರಸರ. ಮಕ್ಕಳಿಗೆ ಇದರಲ್ಲಿ ಎಷ್ಟು ಸಂತೋಷವಾಗುವುದೆಂಬುದನ್ನು ಊಹಿಸಬಹುದು. ಪದವನ್ನು ದ್ವಿರುಕ್ತಿಯಿಂದ ಕುಣಿಸುವ ಈ ಗುಣ ನಮ್ಮ ಭಾಷೆಯ ಆಸ್ತಿ. ಆರಂಭದ ಪಾಠಗಳಲ್ಲಿ ಅದಕ್ಕೆ ಇನ್ನಷ್ಟು ಎಡೆ ಸಿಗಬೇಕು.

ಹಳಗನ್ನಡದ ಮಗುವಿಗೆ ಈ ಕಷ್ಟವಿರಲಿಲ್ಲ ಎಂಬುದನ್ನು ನೆನೆದರೆ ನಗು ಬರುತ್ತದೆ. ಆ ಭಾಷೆಯಲ್ಲಿ ಪ್ರಥಮೆಗೂ ಸೊನ್ನೆ, ಪುಲ್ಲಿಂಗದ ಭೂತಕಾಲಕ್ಕೂ ಸೊನ್ನೆ: ಅರಸಂ ಬಂದಂ, ಅಗಸಂ ಬಂದಂ. ಗುಣಿತವೇ ಇಲ್ಲದ ಪೂರ್ಣವಾಕ್ಯಗಳು. ಅದರ ಸವೆದ ರೂಪವಾದ 'ಬಂದ' ಇಂದಿನ ಮಾತಿನಲ್ಲಿಯೂ ಬರೆಹದಲ್ಲಿಯೂ ಇದೆ. ಆದುದರಿಂದ ಸೊನ್ನೆಯೊಂದನ್ನು ಮೊದಲ ಹತ್ತು ಅಕ್ಷರಗಳ ಜೊತೆಯಲ್ಲಿಯೇ ಕಲಿಸಿದರೆ 'ಬಸವ ಬಂದ' ಎಂಬ ವಾಕ್ಯ ಕೆಲವು ತಿಂಗಳು ಮುಂಚೆಯೇ ಮಗುವಿಗೆ ದಕ್ಕುತ್ತದೆ. ಸೊನ್ನೆ ಬರೆಯುವುದಕ್ಕಿಂತ ಸುಲಭವಾದ ಕೆಲಸ ಲಿಪಿಯಲ್ಲಿ ಬೇರೆ ಯಾವುದಿದೆ? ವರ್ಣಮಾಲೆಯ ಕ್ರಮವನ್ನು ಧೈರ್ಯದಿಂದ ಮುರಿದವರು ಅನುಸ್ವಾರವನ್ನು ಮಾತ್ರ ಮೊದಲ ಎರಡು ಗುಂಪುಗಳಿಂದ ಹೊರಗೆ ನಿಲ್ಲಿಸಿದ್ದೇಕೆ ಎಂಬುದು ನನಗೆ ತಿಳಿಯದು. ಅಂ, ಅಃ ಎರಡೂ ಸ್ವರಗಳ ಸಾಲಿನ ಬಾಲದಲ್ಲಿಯೇ ಇರಬೇಕೆಂಬ ಹಳೆಯ ನೆನಪು ಇಲ್ಲಿ ಕೆಲಸಮಾಡಿರಬಹುದು. ಹಾಗೆ ಮಾಡಿದರೂ ಬರುವವನು ಬಸವನೇ. 'ಬಂದಳು' ಎನ್ನಲು ಕೊಂಬು ಬೇಕು, ಳಕಾರ ಬೇಕು. ಮಗ ಮೊದಲು, ಮಗಳು ಆಮೇಲೆ. ಲಿಪಿಗೂ ಈ ಪಕ್ಷಪಾತವಿದೆ.

ಇದಕ್ಕಿಂತ ಗಾಢವಾದ ಕೊರತೆ ಇನ್ನೊಂದುಂಟು. ಮಗು ಶಾಲೆಗೆ ತರುವ ಮೊದಲ ಪದಗಳು ಯಾವುವು? ಅಮ್ಮ, ಅವ್ವ, ಅಪ್ಪ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ. ಕನ್ನಡದಲ್ಲಿ ಮನೆಯವರನ್ನು ಕರೆಯುವ ಹೆಸರುಗಳು ಬಹುಮಟ್ಟಿಗೆ ಸಜಾತೀಯ ಒತ್ತಕ್ಷರಗಳಿಂದಾದುವು. ತಂಗಿಯೊಬ್ಬಳು ಹೊರಗೆ, ಅವಳಿಗೆ ಸೊನ್ನೆಯೂ ಗುಡಿಸೂ ಬೇಕು. ಒತ್ತಕ್ಷರವನ್ನು ನಾವು ಹಳೆಯ ಪದ್ಧತಿಯಲ್ಲಿ ಕೊನೆಗೆ ಕಲಿಸಿದೆವು, ಹೊಸ ಪದ್ಧತಿಯಲ್ಲಿಯೂ ಗುಣಿತಗಳಾದ ಮೇಲೆಯೇ ಕಲಿಸುತ್ತೇವೆ. ಪರಿಣಾಮವೇನೆಂದರೆ ಅರಸನನ್ನೂ ಅಗಸನನ್ನೂ ಬರೆಯಬಲ್ಲ ಮಗು ತಿಂಗಳುಗಟ್ಟಲೆ ತನ್ನ ಅಮ್ಮನನ್ನು ಬರೆಯಲಾರದು. ಮರಾಠಿಯ ಮಗುವಿಗೆ 'ಆಈ' ಎರಡೇ ಸ್ವರಗಳು. ತಮಿಳಿನಲ್ಲಿ ಅಮ್ಮನಿಗೆ ಜೋಡಿ ಮಕಾರವಿದ್ದರೂ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಮೊದಲನೆಯದರ ತಲೆಯ ಮೇಲೊಂದು ಚುಕ್ಕೆ, ಅಷ್ಟೆ. ಅಕ್ಷರದ ಅಡಿಗೆ ಮತ್ತೊಂದು ಅಕ್ಷರವನ್ನು ಇಳಿಸುವ ಕಷ್ಟ ನಮಗೂ ತೆಲುಗರಿಗೂ ಸಮಾನವಾದುದು. ಪರಿಹಾರ ಕಠಿಣವೇನಲ್ಲ: ಅಮ್ಮ, ಅಪ್ಪ ಎಂಬುವನ್ನು ಬಿಡಿಸದೆ, ಇಡಿಯಾಗಿ, ಚಿತ್ರವನ್ನು ಗುರುತಿಸುವಂತೆ ಮೊದಲ ದಿನವೇ ಗುರುತಿಸಲು ಬಿಡಬೇಕು. ಒತ್ತಿನ ನಿಯಮ ಬರುವಾಗ ಬರಲಿ.

ಇಲ್ಲಿಯವರೆಗೆ ನಾನು ಶಿಷ್ಟಕನ್ನಡವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ. ಹತ್ತು ಅಕ್ಷರಗಳಲ್ಲಿ ಕ್ರಿಯಾಪದವಿಲ್ಲ ಎಂದು ಟಿಪ್ಪಣಿ ಬರೆದು ಮುಗಿಸಿದ ರಾತ್ರಿ, ಊರಿನಿಂದ ತಾಯಿಯವರ ಫೋನು ಬಂದಿತು. ನಾನು ವಿಜಾಪುರದ ಕಡೆಯವನು. ಮಾತಿನ ನಡುವೆ ಅವರು, "ಮಳಿ ಇಲ್ಲ, ಬರ ಅದ" ಎಂದರು. ಬರ, ಅದ. ನಾಲ್ಕು ಅಕ್ಷರ, ನಾಲ್ಕೂ ಆ ಹತ್ತರೊಳಗಿನವು. 'ಇದೆ' ಎಂಬುದಕ್ಕೆ ಕಲಬುರಗಿ, ಬೀದರ, ವಿಜಾಪುರಗಳ ಕಡೆ, ಗಡಿಯಾಚೆ ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡದಲ್ಲಿ 'ಅದ' ಎನ್ನುತ್ತಾರೆ. ಅಕಾರ, ದಕಾರ ಎರಡೂ ಮೊದಲ ಗುಂಪಿನಲ್ಲಿಯೇ ಇವೆ. ಸರ ಅದ, ಗರಗಸ ಅದ, ಮರ ಅದ, ದನ ಅದ. ಉತ್ತರ ಕರ್ನಾಟಕದಲ್ಲಿ ಚತುರ್ಥಿಯೂ ಅಕಾರಾಂತ: ನನಗ, ನಮಗ. "ನಮಗ ದವಸ ಅದ" ಎಂಬುದು ಹತ್ತು ಅಕ್ಷರಗಳೊಳಗೆ ಸಿದ್ಧವಾದ, ಕರ್ತೃ-ಕ್ರಿಯೆಗಳಿರುವ, ಒಂದು ಕುಟುಂಬದ ಸುಖವನ್ನೇ ಹೇಳುವ ವಾಕ್ಯ. ಲಿಪಿಯಲ್ಲಿ ಕ್ರಿಯಾಪದವಿಲ್ಲವೆಂದು ನಾನು ತೀರ್ಪು ಕೊಟ್ಟುದು ನನ್ನ ತಾಯಿಯ ಭಾಷೆಯನ್ನು ಕನ್ನಡವೆಂದು ಎಣಿಸದೆ ಹೋದುದರಿಂದ.

ಎಣಿಸದೆ ಹೋಗುವುದನ್ನು ಕಲಿತದ್ದೂ ಒಂದನೆಯ ತರಗತಿಯಲ್ಲಿಯೇ. ನಮ್ಮ ಕಾಲದಲ್ಲಿ ಕಾರ್ಡುಗಳಿರಲಿಲ್ಲ. ಪಾಟಿ, ಬಳಪ, ಗುರುಗಳ ಕೈಯ ಬೆತ್ತ. ಒಂದು ದಿನ ಗುರುಗಳು ಹಲಗೆಯ ಮೇಲೆ ಮರದ ಚಿತ್ರ ಬರೆದು ಇದರ ಬಗ್ಗೆ ಹೇಳೆಂದಾಗ, ನಾನು ಎದ್ದು ನಿಂತು, "ಮರ ಅದರಿ" ಎಂದೆ. "ಅದ ಅಲ್ಲ, ಇದೆ ಅನ್ನು" ಎಂದರು. ಹೊಡೆಯಲಿಲ್ಲ, ಒಳ್ಳೆಯವರೇ. ಆದರೆ ಆ ದಿನದಿಂದ ಬಾಯಿ ತೆರೆಯುವ ಮುನ್ನ ಮನೆಯ ಮಾತನ್ನು ಒಳಗೇ ತಿದ್ದಿಕೊಳ್ಳುವ ಅಭ್ಯಾಸ ಅಂಟಿಕೊಂಡಿತು. ತಿದ್ದು ಎಂಬ ಶಬ್ದಕ್ಕೆ ಬರೆದುದರ ಮೇಲೆ ಬರೆ ಎಂಬ ಅರ್ಥವೂ ತಪ್ಪನ್ನು ಸರಿಪಡಿಸು ಎಂಬ ಅರ್ಥವೂ ಇರುವುದು ಆಕಸ್ಮಿಕವಲ್ಲವೇನೋ. ಮೊದಲ ಮಾತನ್ನಾಡಿದ ಮಗುವಿಗೆ ಅದು ತಪ್ಪೆಂದು ಕಲಿಸಿದ ಮೇಲೆ, ಕಲಿಕೆ ನಲಿವಿನಿಂದ ಆಗಬೇಕೆಂದು ಎಷ್ಟು ಕಾರ್ಡು ಮಾಡಿದರೇನು?

ಆಡುನುಡಿಯನ್ನು ಪಠ್ಯಕ್ಕೆ ತಂದರೆ ಏಕರೂಪತೆ ಕೆಡುತ್ತದೆ, ಧಾರವಾಡದ ಮಗು 'ಐತಿ' ಬೇಕೆನ್ನುತ್ತದೆ, ಮಂಗಳೂರಿನದು ಮತ್ತೊಂದನ್ನು ಕೇಳುತ್ತದೆ ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪ ನ್ಯಾಯವಾದುದೇ. ರಾಜ್ಯಕ್ಕೆಲ್ಲ ಒಂದೇ ಪುಸ್ತಕವಾದರೆ ಅದು ಶಿಷ್ಟಭಾಷೆಯಲ್ಲಿಯೇ ಇರಬೇಕಾದೀತು. ಆದರೆ ನಲಿ-ಕಲಿ ಹುಟ್ಟಿದ್ದು ಒಂದು ತಾಲೂಕಿನಲ್ಲಿ, ಅಲ್ಲಿಯ ಶಿಕ್ಷಕರ ಕೈಯಿಂದ. ಕಾರ್ಡು ಪುಸ್ತಕದಂತಲ್ಲ, ನಾಲ್ಕು ಕಾರ್ಡುಗಳನ್ನು ಬದಲಿಸಿದರೆ ಉಳಿದ ಏಣಿ ಕುಸಿಯುವುದಿಲ್ಲ. ಅಫಜಲಪುರದ ಶಿಕ್ಷಕಿ 'ಮರ ಅದ' ಎಂಬ ಕಾರ್ಡನ್ನು ತಾನೇ ಬರೆದು ಸೇರಿಸಿಕೊಳ್ಳಲು, ಮುಂದೆ ಗುಣಿತ ಬಂದಾಗ ಅದರ ಪಕ್ಕದಲ್ಲಿ 'ಮರ ಇದೆ' ಎಂಬುದನ್ನಿಡಲು ಅವಕಾಶವಿರಬೇಕಾದ ಪದ್ಧತಿ ಇದು. ರಾಜ್ಯವ್ಯಾಪಿಯಾದಾಗ ಅದು ಕಳೆದುಕೊಂಡದ್ದು ಈ ಸ್ವಾತಂತ್ರ್ಯವನ್ನೇ ಎಂದು ನನ್ನ ಅಭಿಪ್ರಾಯ.

ಹೊರನಾಡಿನ ಮಕ್ಕಳ ಸಂಗತಿಗೆ ಬಂದರೆ ಒಂದೇ ಕ್ರಮ ಎಲ್ಲರಿಗೂ ಒದಗದೆಂಬುದು ಮತ್ತಷ್ಟು ಸ್ಪಷ್ಟವಾಗುತ್ತದೆ. ದೆಹಲಿಯ ನಮ್ಮ ತರಗತಿಗೆ ಬರುವ ಮಗು ಶಾಲೆಯಲ್ಲಿ ಆಗಲೇ ದೇವನಾಗರಿಯನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿತಿರುತ್ತದೆ. ಅದಕ್ಕೆ ಕವರ್ಗ, ಚವರ್ಗಗಳ ಮನೆಗಳು ಗೊತ್ತು. ಆ ಮನೆಗಳಲ್ಲಿ ಕನ್ನಡದ ಅಕ್ಷರಗಳನ್ನು ತುಂಬಿದರಾಯಿತು. ಅಂಥ ಮಗುವಿಗೆ ರ ಗ ಸ ದ ಕ್ರಮದಿಂದ ಲಾಭ ಕಡಮೆ. ಲಿಪಿಯನ್ನೇ ಅರಿಯದ ಮಗುವಿಗೆ ಅದು ವರ. ಹ್ರಸ್ವ ಎ, ಒ ಎರಡನ್ನು ಮಾತ್ರ ನಾವು ಬೇರೆಯಾಗಿ ಕಾಣಿಸಿಕೊಡಬೇಕು. ಮರಾಠಿ ಬಲ್ಲ ಮಕ್ಕಳು ಕಾನಾ, ವೇಲಾಂಟಿ ಎಂದು ಕಲಿತು ಬಂದಿರುತ್ತಾರೆ. ಇಳಿ, ಗುಡಿಸು ಎಂದೊಡನೆ ಅವರಿಗೆ ಅರ್ಥವಾಗಿಬಿಡುತ್ತದೆ, ಏಕೆಂದರೆ ಆ ಹೆಸರುಗಳೂ ಆಕಾರದ ಹೆಸರುಗಳೇ. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಶಾಲೆಗಳಿಗೆ ಬಾಲಭಾರತಿಯೂ, ಕಾಸರಗೋಡಿನವಕ್ಕೆ ಕೇರಳದ ಸಂಸ್ಥೆಯೂ ಪುಸ್ತಕ ಒದಗಿಸುತ್ತವೆ. ಆಶಯದಿಂದ ವಾಕ್ಯಕ್ಕೆ, ವಾಕ್ಯದಿಂದ ಅಕ್ಷರಕ್ಕೆ ಇಳಿಯುವ ಪದ್ಧತಿಯನ್ನು ಅನುಸರಿಸಿದ ಕೇರಳದಲ್ಲಿ, ಪುಸ್ತಕದಲ್ಲಿ ಅಕ್ಷರಮಾಲೆಯೇ ಇಲ್ಲವೆಂಬ ದೂರು 2022ರ ಸುಮಾರಿಗೆ ದೊಡ್ಡ ಚರ್ಚೆಯಾಯಿತು. ನನ್ನ ಮೇಜಿನ ಮುಂದೆ ಆ ತಂದೆ ಕೇಳಿದ ಪ್ರಶ್ನೆಯೇ ಅದು, ಮಲಯಾಳದಲ್ಲಿ.

ಆದರೆ ಇವರೆಲ್ಲ ಹೇಗೋ ಒಂದು ಪುಸ್ತಕವನ್ನು ಪಡೆದ ಮಕ್ಕಳು. ಕಲಬುರಗಿ, ಯಾದಗಿರಿ, ವಿಜಾ‍ಪುರಗಳಿಂದ ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಹೋದವರ ಮಕ್ಕಳು, ಮೊದಲ ತರಗತಿಯ ವಯಸ್ಸಿನವರು, ಮರಳಿನ ಗುಡ್ಡೆಯ ಮೇಲೆ ಆಡುತ್ತಿರುವುದನ್ನು ಆ ನಗರಗಳಲ್ಲಿರುವ ನಮ್ಮ ಓದುಗರು ನೋಡಿಯೇ ಇರುತ್ತಾರೆ. ಅವರ ಬಾಯಲ್ಲಿರುವುದು ಈ 'ಅದ', ಈ 'ನನಗ'. ಸಿಕ್ಕರೆ ಅವರಿಗೆ ಸಿಗುವ ಶಾಲೆ ಮರಾಠಿಯದೋ ತೆಲುಗಿನದೋ ಆಗಿರುತ್ತದೆ. ಊರಿಗೆ ಮರಳಿದರೆ ಅಲ್ಲಿಯ ಕಾರ್ಡಿನಲ್ಲಿ 'ಇದೆ' ಕಾದಿರುತ್ತದೆ. ಹೊರನಾಡ ಕನ್ನಡಿಗರೆಂದು ನಾವು ನಮ್ಮನ್ನೇ ಕರೆದುಕೊಳ್ಳುವಾಗ ಇವರನ್ನು ಎಣಿಸುವುದಿಲ್ಲ. ಇಂಥವರಿಗಾಗಿ ಐದೂ ಐದೂ ಹತ್ತು ಅಕ್ಷರ ಮತ್ತು ಒಂದು ಸೊನ್ನೆಯಿಂದ, ಅವರದೇ ಮಾತಿನಲ್ಲಿ, ಇಪ್ಪತ್ತು ಪುಟದ ವಾಚಿಕೆಯೊಂದನ್ನು ಸಿದ್ಧಪಡಿಸುವ ಕೆಲಸವನ್ನು ನಮ್ಮ ಪೀಠದ ಇಬ್ಬರು ಸಂಶೋಧನ ವಿದ್ಯಾರ್ಥಿಗಳು ಕೈಗೊಂಡಿದ್ದಾರೆ. ಮಧ್ಯಕಾಲೀನ ಸಾಹಿತ್ಯದ ಪೀಠಕ್ಕೆ ಇದೇಕೆಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. 'ಅರಸಂ ಬಂದಂ' ಎಂಬುದನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಪುಸ್ತಕ ತಂದಿದ್ದವರ ಮಗಳು ಈಗ ನಮ್ಮ ತರಗತಿಯಲ್ಲಿದ್ದಾಳೆ. ಅವಳಿಗೆ ನಾವು ವರ್ಣಮಾಲೆಯ ಕ್ರಮದಲ್ಲಿಯೇ ಕಲಿಸುತ್ತಿದ್ದೇವೆ. ಒತ್ತಕ್ಷರಕ್ಕೆ ಇನ್ನೂ ಬಂದಿಲ್ಲ. ಕಳೆದ ಭಾನುವಾರ ಅವಳು ತೋರಿಸಿದ ಹಾಳೆಯಲ್ಲಿ ಸೀರೆಯುಟ್ಟ ಒಬ್ಬ ಹೆಂಗಸಿನ ಚಿತ್ರವಿತ್ತು. ಅದರ ಕೆಳಗೆ 'ಅಮಮ' ಎಂದು ಬರೆದು, ಎರಡು ಮಕಾರಗಳೂ ಬಿಟ್ಟುಹೋಗದಂತೆ ಅವುಗಳ ಸುತ್ತ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದಳು. ಅದನ್ನು ನಾನು ತಿದ್ದಲಿಲ್ಲ.